ಕಪ್ಪು ಇಲಿ, ಬಿಳಿ ಇಲಿ ಮತ್ತು ಬಿಟ್ಟುಹೋದ ಕರ್ಮಪದ

ಇಲಿಯ ಬಾಲಕ್ಕೆ ಸೂಜಿ ಹಾಕುವುದು ಸುಲಭದ ಕೆಲಸವಲ್ಲ. ಬಾಲದ ಎರಡೂ ಪಕ್ಕದಲ್ಲಿ ದಾರದೆಳೆಯಷ್ಟು ತೆಳ್ಳಗೆ ಹರಿಯುವ ರಕ್ತನಾಳ ಚಳಿಗೆ ಮುದುಡಿಕೊಂಡಿರುತ್ತದೆ. ಮೊದಲು ಬಾಲವನ್ನು ಬೆಚ್ಚಗಿನ ನೀರಿಗೆ ಅದ್ದಿಯೋ ದೀಪದ ಕಾವಿಗೆ ಹಿಡಿದೋ ನಾಳ ಉಬ್ಬುವಂತೆ ಮಾಡಬೇಕು. ಆಮೇಲೆ ಇಲಿಯನ್ನು ಪ್ಲಾಸ್ಟಿಕ್ ಕೊಳವೆಯೊಳಕ್ಕೆ ತೂರಿಸಿ, ಬಾಲ ಮಾತ್ರ ಹೊರಗೆ ಎಳೆದುಕೊಂಡು, ಸೂಜಿಯನ್ನು ಹೆಚ್ಚುಕಡಿಮೆ ಬಾಲಕ್ಕೆ ಒರಗಿಸಿ ಚುಚ್ಚಬೇಕು. ಸಿರಿಂಜಿನಲ್ಲಿರುವುದು ಅಕ್ಕಿ ತೊಳೆದ ನೀರಿನಂತೆ ಮಸುಕಾದ ದ್ರವ. ಅದರಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಶಿಲೀಂಧ್ರದ ಲಕ್ಷಗಟ್ಟಲೆ ಕೋಶಗಳು ತೇಲುತ್ತಿರುತ್ತವೆ. ನಮ್ಮ ನಿಮ್ಮ ಬಾಯಿ, ಕರುಳುಗಳಲ್ಲಿ ಸದ್ದಿಲ್ಲದೆ ಬಿಡಾರ ಹೂಡಿರುವುದೂ ಇದೇ.

ಒಂದು ಪಂಜರದಲ್ಲಿ ಕಪ್ಪು ಇಲಿಗಳು, ಪಕ್ಕದ್ದರಲ್ಲಿ ಬಿಳಿಯವು. ಎರಡಕ್ಕೂ ಒಂದೇ ದಿನ, ಒಂದೇ ಕೈಯಿಂದ, ಒಂದೇ ಡೋಸು. ಸ್ವಲ್ಪ ಸಮಯ ಕಳೆಯುವುದರೊಳಗೆ ಬಿಳಿ ಇಲಿಗಳು ಮೂಲೆ ಹಿಡಿದು, ಬೆನ್ನು ಗೂನಾಗಿಸಿ, ಮೈಗೂದಲು ಕೆದರಿಕೊಂಡು ಕೂತುಬಿಡುತ್ತವೆ. ಕಪ್ಪು ಇಲಿಗಳು ಏನೂ ಆಗದವರ ಹಾಗೆ ಮರದ ಹೊಟ್ಟು ಕೆದಕುತ್ತಿರುತ್ತವೆ. ಬಿಳಿಯವು ಕೆಲವೇ ದಿನಗಳಲ್ಲಿ ಸಾಯುತ್ತವೆ. ಅದೇ ಡೋಸಿಗೆ ಕಪ್ಪು ಇಲಿಗಳು ಬಹಳ ಕಾಲ ತಡೆದುಕೊಳ್ಳುತ್ತವೆ.

ಇದನ್ನು ನೋಡಿದ ಯಾರಿಗಾದರೂ ಬಾಯಿಗೆ ಬರುವ ಮಾತು ಒಂದೇ: ಕಪ್ಪು ಇಲಿ ಗಟ್ಟಿ, ಬಿಳಿ ಇಲಿ ದುರ್ಬಲ. ಎಲ್ಲಾ ಹುಟ್ಟಿನಲ್ಲೇ ಇದೆ, ರಕ್ತದಲ್ಲೇ ಇದೆ. ಈ ಮಾತಿನ ಮೊದಲರ್ಧದ ಬಗ್ಗೆ ನನ್ನ ತಕರಾರಿದೆ. ಕನ್ನಡ ವ್ಯಾಕರಣ ಓದಿದವರಿಗೆ ನನ್ನ ತಕರಾರು ಬೇಗ ಅರ್ಥವಾದೀತು. ‘ತಡೆ’ ಎಂಬುದು ಸಕರ್ಮಕ ಧಾತು. ಏನನ್ನು ತಡೆಯಿತು ಎಂದು ಹೇಳದಿದ್ದರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ರೋಗನಿರೋಧಕ ಶಕ್ತಿಯ ಬಗ್ಗೆ ನಾವು ಆಡುವ ಬಹುಪಾಲು ಮಾತುಗಳಲ್ಲಿ ಕರ್ಮಪದವೇ ಇರುವುದಿಲ್ಲ. ಇಲಿಗಳ ಮೇಲಿನ ಶಿಲೀಂಧ್ರ ಪ್ರಯೋಗಗಳು ಕಳೆದ ನಲವತ್ತು ವರ್ಷಗಳಲ್ಲಿ ಮಾಡಿರುವ ದೊಡ್ಡ ಉಪಕಾರವೆಂದರೆ, ಆ ಕರ್ಮಪದವನ್ನು ಬಿಟ್ಟರೆ ಲೆಕ್ಕ ಎಷ್ಟು ತಪ್ಪುತ್ತದೆ ಎಂದು ತೋರಿಸಿಕೊಟ್ಟಿದ್ದು.

ಮೊದಲು ಈ ಇಲಿಗಳ ಕುಲಗೋತ್ರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ರ್ಯಾನ್‌ಬಿ ಎಂಬ ಊರಲ್ಲಿ ಆ್ಯಬಿ ಲ್ಯಾಥ್ರಾಪ್ ಎಂಬ ನಿವೃತ್ತ ಶಾಲಾ ಶಿಕ್ಷಕಿ ಇದ್ದರು. ಕೋಳಿ ಸಾಕಣೆ ಕೈಹಿಡಿಯದೆ, ಬಣ್ಣಬಣ್ಣದ ಚಂದದ ಇಲಿಗಳನ್ನು ಸಾಕಿ ಮಾರತೊಡಗಿದರು. ಶೋಕಿಗೆ ಇಲಿ ಸಾಕುವವರು ಆಗ ಅಲ್ಲಿ ಬೇಕಾದಷ್ಟಿದ್ದರು. ಬರಬರುತ್ತ ಗಿರಾಕಿಗಳ ಪಟ್ಟಿಯಲ್ಲಿ ವಿಜ್ಞಾನಿಗಳೂ ಸೇರಿದರು. ಕ್ಲಾರೆನ್ಸ್ ಕುಕ್ ಲಿಟಲ್ ಅವರಲ್ಲೊಬ್ಬ. ಲ್ಯಾಥ್ರಾಪ್ ಸಾಕಿದ ಇಲಿಗಳ ಸಂತತಿಯಲ್ಲಿ 57ನೇ ನಂಬರಿನ ಹೆಣ್ಣಿಲಿಯಿಂದ 1921ರಲ್ಲಿ ಆತ ಬೆಳೆಸಿದ್ದೇ ಇಂದಿನ ಕಪ್ಪು ಇಲಿ. ಕಾಗದದ ಮೇಲೆ ಅದರ ಹೆಸರು ಸಿ57ಬಿಎಲ್/6, ಲ್ಯಾಬಿನವರ ಬಾಯಲ್ಲಿ ‘ಬ್ಲ್ಯಾಕ್ ಸಿಕ್ಸ್’. 2002ರಲ್ಲಿ ಇಲಿಯ ಜೀನೋಮ್ ಓದಿದಾಗ ಓದಿದ್ದೂ ಇದರದ್ದೇ. ಲಿಟಲ್ ಇದಕ್ಕೂ ಮೊದಲು, 1909ರಲ್ಲೇ, ಡಿಬಿಎ ಎಂಬ ಇನ್ನೊಂದು ತಳಿಗೆ ಕೈಹಾಕಿದ್ದ. ಆ ಮೂರಕ್ಷರಗಳಲ್ಲಿರುವುದು ಮೈಬಣ್ಣದ ವಿವರಗಳು ಮಾತ್ರ. ಬಣ್ಣ ನೋಡಿ ಆರಿಸಿದ ಇಲಿ ಅದು. ಈ ಸಂಗತಿ ಮುಂದೆ ಬೇಕಾಗುತ್ತದೆ.

ತಳಿ ಶುದ್ಧ ಮಾಡುವುದೆಂದರೆ ಅಣ್ಣ ತಂಗಿಯನ್ನೇ ತಲೆಮಾರಿನಿಂದ ತಲೆಮಾರಿಗೆ ಕೂಡಿಸುತ್ತ ಹೋಗುವುದು, ಕಡಿಮೆಯೆಂದರೆ ಇಪ್ಪತ್ತು ತಲೆಮಾರು. ನಮ್ಮ ಕಡೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ವಾಡಿಕೆ ಇನ್ನೂ ಪೂರ್ತಿ ನಿಂತಿಲ್ಲ. ಅಂಥ ಮದುವೆಯಲ್ಲಿ ಹುಟ್ಟಿದ ಮಗುವಿನ ಜೀನುಗಳಲ್ಲಿ ಸರಾಸರಿ ಎಂಟನೇ ಒಂದು ಭಾಗ, ತಂದೆಯಿಂದಲೂ ತಾಯಿಯಿಂದಲೂ ಒಂದೇ ಮೂಲದ ಎರಡು ಪ್ರತಿಯಾಗಿ ಬಂದಿರುತ್ತದೆ. ಇಪ್ಪತ್ತು ತಲೆಮಾರಿನ ಒಳಕೂಡಿಕೆ ಕಂಡ ಇಲಿಯಲ್ಲಿ ಆ ಪಾಲು ನೂರಕ್ಕೆ ತೊಂಬತ್ತೆಂಟನ್ನು ದಾಟುತ್ತದೆ. ಮನುಷ್ಯರಲ್ಲಿ ಒಂದು ಪ್ರತಿ ಕೆಟ್ಟರೆ ಇನ್ನೊಂದು ಮುಚ್ಚಿಹಾಕುತ್ತದೆ. ಈ ಇಲಿಗಳಲ್ಲಿ ಆ ಎರಡನೆಯ ಪ್ರತಿಯೂ ಅದೇ. ಇಡೀ ತಳಿಯೇ ಒಂದು ಇಲಿಯ ಜೆರಾಕ್ಸ್.

ಬಿಳಿ ಇಲಿಯಲ್ಲಿ ಕೆಟ್ಟಿದ್ದೇನು? ರಕ್ತದಲ್ಲಿ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನುಗಳ ಒಂದು ಸರಪಳಿ ಇದೆ. ಸೂಕ್ಷ್ಮಜೀವಿ ಕಂಡೊಡನೆ ಒಂದು ಇನ್ನೊಂದನ್ನು ಕತ್ತರಿಸುತ್ತ, ಪಟಾಕಿ ಸರದ ಹಾಗೆ ಹತ್ತಿಕೊಳ್ಳುತ್ತ ಹೋಗುತ್ತದೆ. ಐದನೆಯ ಪ್ರೋಟೀನು ಸಿ5 ಕತ್ತರಿಸಿದಾಗ ಉದುರುವ ಸಣ್ಣ ತುಣುಕು, ಬಿಳಿ ರಕ್ತಕಣಗಳನ್ನು ಸೋಂಕಿನ ಜಾಗಕ್ಕೆ ಕರೆಯುವ ಕೂಗು. ಎ/ಜೆ ಎಂಬ ಬಿಳಿ ಇಲಿಯಲ್ಲೂ ಡಿಬಿಎ/2 ಇಲಿಯಲ್ಲೂ ಸಿ5ರ ಜೀನಿನಲ್ಲಿ ಎರಡೇ ಎರಡು ಅಕ್ಷರ ಬಿಟ್ಟುಹೋಗಿವೆ. ಮೂರು ಮೂರಾಗಿ ಓದಬೇಕಾದ ಬರಹದಲ್ಲಿ ಎರಡು ಅಕ್ಷರ ಹಾರಿದರೆ ಮುಂದಿನದೆಲ್ಲ ಅಪಭ್ರಂಶವಾಗಿ, ಸ್ವಲ್ಪ ದೂರದಲ್ಲೇ ಪೂರ್ಣವಿರಾಮ ಬಿದ್ದುಬಿಡುತ್ತದೆ. ಸಿ5 ತಯಾರಾಗುವುದೇ ಇಲ್ಲ. ಈ ಎರಡಕ್ಷರದ ಲೋಪ ಗೊತ್ತಾದದ್ದು 1990ರಲ್ಲಿ. ಸಿ5 ಇಲ್ಲದ ಇಲಿಗಳು ಕ್ರಿಪ್ಟೋಕಾಕಸ್ ಶಿಲೀಂಧ್ರಕ್ಕೆ ಬೇಗ ಬಲಿಯಾಗುತ್ತವೆ ಎಂಬುದು 1980ರಲ್ಲೇ ವರದಿಯಾಗಿತ್ತು. ಕ್ಯಾಂಡಿಡಾ ವಿಷಯದಲ್ಲೂ ಎ/ಜೆಯ ದೌರ್ಬಲ್ಯದ ಬೇರು ಇಲ್ಲೇ ಇದೆ ಎಂದು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಫಿಲಿಪ್ ಗ್ರೋ ಅವರ ತಂಡ 2004ರ ಹೊತ್ತಿಗೆ ತೋರಿಸಿತು.

ಮೈಬಣ್ಣ ನೋಡಿ ಆರಿಸಿದವರಿಗೆ ಈ ತೂತೂ ಜೊತೆಗೆ ಬಂತೆಂಬುದು ಗೊತ್ತೇ ಇರಲಿಲ್ಲ. ಬೆಚ್ಚಗಿನ ಪಂಜರ, ಹೊತ್ತಿಗೆ ಸರಿಯಾಗಿ ಊಟ. ಅಲ್ಲಿ ಸಿ5 ಇಲ್ಲದಿದ್ದರೆ ನಷ್ಟವೇನೂ ಕಾಣುತ್ತಿರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಕಪ್ಪು ಇಲಿಯೇ ಗಟ್ಟಿ ಎಂದು ನಾನೂ ಒಪ್ಪುತ್ತಿದ್ದೆ. ಆದರೆ ಅಮೆರಿಕದ ನೈಋತ್ಯದ ಮರುಭೂಮಿಯ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಇನ್ನೊಂದು ಶಿಲೀಂಧ್ರವಿದೆ. ಧೂಳೆದ್ದಾಗ ಅದರ ಬೀಜಕಣ ಶ್ವಾಸಕೋಶಕ್ಕೆ ಇಳಿದು ಬರುವ ಜ್ವರಕ್ಕೆ ಅಲ್ಲಿಯವರು ‘ಕಣಿವೆ ಜ್ವರ’ ಎನ್ನುತ್ತಾರೆ. ಕರ್ಕ್‌ಲ್ಯಾಂಡ್ ಮತ್ತು ಫಿಯರರ್ ಎಂಬ ಸಂಶೋಧಕರು 1983ರಲ್ಲಿ ಬೇರೆಬೇರೆ ತಳಿಯ ಇಲಿಗಳಿಗೆ ಇದನ್ನು ಕೊಟ್ಟು ನೋಡಿದರು. ಸಿ5 ಇಲ್ಲದ, ಕ್ಯಾಂಡಿಡಾಗೂ ಕ್ರಿಪ್ಟೋಕಾಕಸ್‌ಗೂ ಶರಣಾಗುವ ಅದೇ ಡಿಬಿಎ/2 ಇಲಿ ಇದನ್ನು ಚೆನ್ನಾಗಿ ಎದುರಿಸಿತು. ಸತ್ತದ್ದು ಬ್ಲ್ಯಾಕ್ ಸಿಕ್ಸ್. 2008ರಲ್ಲಿ ಫಿಯರರ್ ಅವರ ತಂಡವೇ ಅದಕ್ಕೊಂದು ಕಾರಣ ಮುಂದಿಟ್ಟಿತು. ಶಿಲೀಂಧ್ರದ ಗೋಡೆಯಲ್ಲಿರುವ ಬೀಟಾ ಗ್ಲುಕನ್ ಎಂಬ ಸಕ್ಕರೆಯ ಸರಪಣಿಯನ್ನು ಗುರುತು ಹಿಡಿಯಲು ನಮ್ಮ ಬಿಳಿ ರಕ್ತಕಣಗಳ ಮೈಮೇಲೆ ಡೆಕ್ಟಿನ್-1 ಎಂಬ ಗ್ರಾಹಿ ಇರುತ್ತದೆ. ಬ್ಲ್ಯಾಕ್ ಸಿಕ್ಸ್ ಇಲಿ ಅದರ ಮೊಟಕಾದ ರೂಪವನ್ನು ತಯಾರಿಸುತ್ತದೆ. ಅತ್ತ ಬ್ರೆಜಿಲ್‌ನಲ್ಲಿ ಪ್ಯಾರಾಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರದ ಮೇಲೆ ದುಡಿದವರಿಗೂ ‘ಎ’ ವಂಶದ ಬಿಳಿ ಇಲಿಯೇ ಗಟ್ಟಿಯಾಗಿ ಕಂಡಿತು.

ಈಗ ಹೇಳಿ, ಯಾವ ಇಲಿ ಗಟ್ಟಿ?

ಕರ್ಮಪದ ಸೇರಿಸಿಬಿಟ್ಟರೆ ಆಯಿತಲ್ಲ, ಅಂದರೆ ‘ಕ್ಯಾಂಡಿಡಾ ಎದುರು ಗಟ್ಟಿ’ ಎಂದುಬಿಟ್ಟರೆ ಮುಗಿಯಿತಲ್ಲ ಎಂದು ಓದುಗರು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. 2007ರ ಜನವರಿಯಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಬಂದವು. ಎರಡೂ ಗುಂಪಿನವರು ಡೆಕ್ಟಿನ್-1 ಜೀನನ್ನೇ ತೆಗೆದುಹಾಕಿದ ಇಲಿಗಳನ್ನು ತಯಾರಿಸಿದ್ದರು. ಗಾರ್ಡನ್ ಬ್ರೌನ್ ಅವರ ತಂಡ ಹೇಳಿತು: ಡೆಕ್ಟಿನ್-1 ಇಲ್ಲದ ಇಲಿಗಳು ಕ್ಯಾಂಡಿಡಾಗೆ ಬೇಗ ಸಾಯುತ್ತವೆ. ಜಪಾನಿನ ಇವಾಕುರಾ ಅವರ ತಂಡ ಹೇಳಿತು: ಕ್ಯಾಂಡಿಡಾ ವಿಷಯದಲ್ಲಿ ಏನೂ ವ್ಯತ್ಯಾಸವಿಲ್ಲ, ನ್ಯೂಮೋಸಿಸ್ಟಿಸ್ ಎಂಬ ಬೇರೆ ಶಿಲೀಂಧ್ರದ ಎದುರು ಮಾತ್ರ ಅದು ಬೇಕು. ಅದೇ ಜೀನು, ಅದೇ ಜಾತಿಯ ಶಿಲೀಂಧ್ರ, ಉತ್ತರ ಮಾತ್ರ ತದ್ವಿರುದ್ಧ. ನಮ್ಮ ಟಿವಿ ಚರ್ಚೆಗಳ ಲೆಕ್ಕದಲ್ಲಿ ಇಬ್ಬರಲ್ಲೊಬ್ಬರು ಸುಳ್ಳು ಹೇಳಿರಬೇಕು.

ಯಾರೂ ಸುಳ್ಳು ಹೇಳಿರಲಿಲ್ಲ. ಗಂಟು ಬಿಡಿಸಲು ಆರು ವರ್ಷ ಹಿಡಿಯಿತು. 2013ರಲ್ಲಿ ಬ್ರೌನ್ ಅವರೂ ಇದ್ದ ತಂಡ ತೋರಿಸಿದ್ದಿಷ್ಟು: ಎರಡು ಲ್ಯಾಬುಗಳು ಬಳಸಿದ್ದು ಕ್ಯಾಂಡಿಡಾದ ಬೇರೆಬೇರೆ ತಳಿಗಳನ್ನು. ಇಲಿಯ ಮೈ ಹೊಕ್ಕ ಮೇಲೆ ಈ ತಳಿಗಳು ತಮ್ಮ ಗೋಡೆಯನ್ನು ಬೇರೆಬೇರೆ ರೀತಿಯಲ್ಲಿ ಮರುಕಟ್ಟಿಕೊಳ್ಳುತ್ತವೆ. ಗೋಡೆಯಲ್ಲಿರುವ ಕೈಟಿನ್‌ನ ಪ್ರಮಾಣ ಬದಲಾಗುತ್ತದೆ. ಕೈಟಿನ್ ಎಂದರೆ ಸಿಗಡಿಯ ಚಿಪ್ಪಿನಲ್ಲೂ ಇರುವ ಅದೇ ಗಡುಸು ವಸ್ತು. ಅದರೊಂದಿಗೆ ಡೆಕ್ಟಿನ್-1ಗೆ ಶಿಲೀಂಧ್ರದ ಗುರುತು ಎಷ್ಟು ಸಿಗುತ್ತದೆ ಎಂಬುದೂ ಬದಲಾಗುತ್ತದೆ. ಕಾವಲುಗಾರ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಕಳ್ಳ ವೇಷ ಬದಲಿಸಿದ್ದಾನೆ.

ನನಗೆ ಈ ಪ್ರಸಂಗ ಸಿ5ರ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ. ಸಿ5ರ ಕಥೆಯಲ್ಲಿ ಒಂದು ಜೀನು ಕೆಟ್ಟಿದೆ, ಇಲಿ ಸಾಯುತ್ತದೆ. ಕಾರಣ, ಪರಿಣಾಮ, ಮುಗಿಯಿತು. ಡೆಕ್ಟಿನ್ ಕಥೆಯಲ್ಲಿ ಇಲಿಯ ಜೀನಿನ ಬೆಲೆ ಎಷ್ಟು ಎಂಬುದನ್ನು ಶಿಲೀಂಧ್ರ ನಿರ್ಧರಿಸುತ್ತಿದೆ, ಅದೂ ಇಲಿಯ ಮೈಯೊಳಗೆ ಕಾಲಿಟ್ಟ ಮೇಲೆ. ನ್ಯೂಯಾರ್ಕಿನ ಕಾಸಡೆವಾಲ್ ಮತ್ತು ಪಿರೊಫ್ಸ್‌ಕಿ 1999ರಲ್ಲೇ ಒಂದು ಮಾತು ಹೇಳಿದ್ದರು. ರೋಗ ತರುವ ಶಕ್ತಿ ಸೂಕ್ಷ್ಮಜೀವಿಯೊಂದರದ್ದೇ ಗುಣವಲ್ಲ, ಎರಡು ಜೀವಗಳ ನಡುವಿನ ವ್ಯವಹಾರದಲ್ಲಿ ಹುಟ್ಟುವಂಥದ್ದು, ಅಳೆಯಬೇಕಾದದ್ದು ಆ ವ್ಯವಹಾರದಲ್ಲಿ ಆದ ಹಾನಿಯನ್ನು ಎಂಬುದು ಅವರ ವಾದ. ಪ್ರತಿರೋಧಕ್ಕೂ ಇದೇ ಮಾತು ಸಲ್ಲುತ್ತದೆ ಎನ್ನುತ್ತೇನೆ. ಸಾಲಗಾರ ಇಲ್ಲದೆ ಸಾಲ ಕೊಟ್ಟವನಿರಲು ಸಾಧ್ಯವೇ?

ಇನ್ನೊಂದು ಸಿಕ್ಕು ಸಾವಿನದ್ದು. ಸತ್ತ ಇಲಿಗಳನ್ನು ಎಣಿಸುವುದು ಸುಲಭ, ಏತಕ್ಕೆ ಸತ್ತವು ಎಂದು ಕೇಳಿದಾಗ ಲೆಕ್ಕ ಜಟಿಲವಾಗುತ್ತದೆ. ಬಾಲದ ನಾಳದಿಂದ ಹೋದ ಕ್ಯಾಂಡಿಡಾ ಸಾಮಾನ್ಯವಾಗಿ ಇಲಿಯ ಮೂತ್ರಪಿಂಡದಲ್ಲಿ ಬೇರೂರುತ್ತದೆ. ಎ/ಜೆ ಇಲಿಯಲ್ಲಾದರೋ ಹೃದಯವೂ ಸೋಲುತ್ತದೆ ಎಂದು 2006ರಲ್ಲಿ ಕಂಡುಬಂತು. ಅಮೆರಿಕದಲ್ಲಿ ಲಿಯೊನಾಕಿಸ್ ಮತ್ತು ಸಂಗಡಿಗರು 2012ರಲ್ಲಿ ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮೂತ್ರಪಿಂಡಕ್ಕೆ ನುಗ್ಗಲು ನೆರವಾಗುವ ಸಿಸಿಆರ್1 ಎಂಬ ಗ್ರಾಹಿಯನ್ನು ತೆಗೆದುಹಾಕಿದರೆ, ಇಲಿಗಳು ಬೇಗ ಸಾಯುವುದಿರಲಿ, ಹೆಚ್ಚು ಬದುಕಿದವು. ಮೂತ್ರಪಿಂಡವನ್ನು ಹಾಳುಮಾಡುತ್ತಿದ್ದುದರಲ್ಲಿ ಶಿಲೀಂಧ್ರದ ಪಾಲಿನ ಜೊತೆಗೆ, ತಡವಾಗಿ ಬಂದು ಕಂಡಕಂಡಲ್ಲಿ ಲಾಠಿ ಬೀಸುವ ರಕ್ಷಣಾಪಡೆಯದೂ ದೊಡ್ಡ ಪಾಲಿತ್ತು. ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಆ್ಯಶ್‌ಮನ್ ಬಹು ಹಿಂದಿನಿಂದಲೇ ಹೇಳುತ್ತಿದ್ದುದು ಇದನ್ನೇ: ಅಂಗದಲ್ಲಿ ಎಷ್ಟು ಶಿಲೀಂಧ್ರವಿದೆ ಎಂಬುದೂ ಅಂಗ ಎಷ್ಟು ಕೆಟ್ಟಿದೆ ಎಂಬುದೂ ಒಟ್ಟೊಟ್ಟಿಗೇ ಸಾಗಬೇಕೆಂದಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಒಳ್ಳೆಯ ಪದಗಳಿವೆ, ತಡೆ ಮತ್ತು ತಾಳಿಕೆ. ಒಂದು ಇಲಿ ಶಿಲೀಂಧ್ರವನ್ನು ತಡೆಯುತ್ತದೆ, ಇನ್ನೊಂದು ತಾಳಿಕೊಳ್ಳುತ್ತದೆ. ದೂರದಿಂದ ನೋಡುವವನಿಗೆ ಎರಡೂ ‘ಗಟ್ಟಿ ಇಲಿ’ಯೇ.

ಮೆಕ್‌ಗಿಲ್ ತಂಡ ಕಪ್ಪು ಬಿಳಿ ಇಲಿಗಳನ್ನು ಕೂಡಿಸಿ ಪಡೆದ ಬೆರಕೆ ವಂಶಗಳಲ್ಲಿ, ಸಿ5 ಇಲ್ಲದೆಯೂ ಕ್ಯಾಂಡಿಡಾವನ್ನು ಎದುರಿಸಿ ನಿಂತವೂ ಸಿಕ್ಕವು ಎಂಬುದನ್ನು ಇಲ್ಲಿ ಸೇರಿಸಬೇಕು. ಎರಡಕ್ಷರದ ಆ ಲೋಪ ಕೂಡ ಹಣೆಬರಹವಲ್ಲ. ಉಳಿದ ಜೀನುಗಳು ಅದನ್ನು ತೇಪೆ ಹಾಕಬಲ್ಲವು.

ಹಾಗಾದರೆ ಇಷ್ಟೆಲ್ಲ ಇಲಿ ಕೊಂದು ಏನು ಸಿಕ್ಕಿತು ಎಂಬ ಪ್ರಶ್ನೆ ನ್ಯಾಯವಾದದ್ದೇ. ‘ಇಲಿ ಬೇರೆ, ಮನುಷ್ಯ ಬೇರೆ’ ಎಂದು ಕೈತೊಳೆದುಕೊಳ್ಳುವವರ ಸಾಲಿಗೆ ಮಾತ್ರ ನಾನು ಸೇರಲಾರೆ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ಕುಟುಂಬದ ನಾಲ್ವರು ಹೆಂಗಸರ ವಿಷಯ ಪ್ರಕಟವಾಯಿತು. ಮತ್ತೆ ಮತ್ತೆ ಮರುಕಳಿಸುವ ಯೋನಿಯ ಕ್ಯಾಂಡಿಡಾ ಸೋಂಕು ಇಲ್ಲವೇ ಉಗುರಿನ ಶಿಲೀಂಧ್ರ ಅವರನ್ನು ಕಾಡುತ್ತಿತ್ತು. ಅವರ ಡೆಕ್ಟಿನ್-1 ಜೀನಿನಲ್ಲಿ ಅಕಾಲದ ಪೂರ್ಣವಿರಾಮ ಬಿದ್ದಿತ್ತು. ಅದೇ ಸಂಚಿಕೆಯಲ್ಲಿ ಇರಾನಿನ ಒಂದು ದೊಡ್ಡ ಕುಟುಂಬದ ವರದಿಯೂ ಇತ್ತು. ಐದು ತಲೆಮಾರು, ಒಳಗೊಳಗೇ ಮದುವೆಗಳು. ನಾಲ್ವರಿಗೆ ಬಿಡದ ಶಿಲೀಂಧ್ರ ಸೋಂಕು, ಇನ್ನು ಮೂವರು ಹದಿವಯಸ್ಸಿಗೆ ಕಾಲಿಡುವಾಗಲೇ ತೀರಿಕೊಂಡಿದ್ದರು. ಕಾರಣ ಕಾರ್ಡ್9 ಎಂಬ ಜೀನು. ಡೆಕ್ಟಿನ್ ಕೊಟ್ಟ ಸುದ್ದಿಯನ್ನು ಕೋಶದ ಒಳಕ್ಕೆ ಮುಟ್ಟಿಸುವುದು ಇದರ ಕೆಲಸ ಎಂಬುದನ್ನು ಜರ್ಮನಿಯಲ್ಲಿ 2006ರಲ್ಲಿ ಇಲಿಗಳಲ್ಲೇ ಕಂಡುಕೊಂಡಿದ್ದರು. ಇಲಿ ಮೊದಲೇ ದಾರಿ ತೋರಿಸದಿದ್ದರೆ ಆ ಕುಟುಂಬದ ಜೀನುಗಳ ಕಾಡಿನಲ್ಲಿ ಎಲ್ಲಿ ಹುಡುಕಬೇಕೆಂದು ಗೊತ್ತಾಗುವುದು ತಡವಾಗುತ್ತಿತ್ತು. ಇಂಟರ್‌ಲ್ಯೂಕಿನ್-17 ಎಂಬ ಸಂದೇಶವಾಹಕದ ಕಥೆಯೂ ಹೀಗೇ. ಅದರ ಗ್ರಾಹಿಯಿಲ್ಲದ ಇಲಿಗಳ ಬಾಯಿಯ ತುಂಬ ಕ್ಯಾಂಡಿಡಾ ಎಂದು 2009ರಲ್ಲಿ, ಆ ಗ್ರಾಹಿ ಕೆಟ್ಟ ಮನುಷ್ಯರಲ್ಲೂ ಹಾಗೇ ಎಂದು 2011ರಲ್ಲಿ ಗೊತ್ತಾಯಿತು. ಸೋರಿಯಾಸಿಸ್‌ಗೆ ಇಂಟರ್‌ಲ್ಯೂಕಿನ್-17 ತಡೆಯುವ ಚುಚ್ಚುಮದ್ದು ಕೊಡುವ ಚರ್ಮವೈದ್ಯರು ಇಂದು ರೋಗಿಯ ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿದೆಯೇ ಎಂದು ನೋಡುವುದು ಇದಕ್ಕಾಗಿಯೇ.

ಆದರೂ ಗಮನಿಸಿ: ಡೆಕ್ಟಿನ್ ಕೆಟ್ಟ ಆ ಡಚ್ ಹೆಂಗಸರಿಗೆ ರಕ್ತಕ್ಕೆ ಹರಡುವ ಮಾರಕ ಸೋಂಕು ಆಗಿರಲಿಲ್ಲ. ಕಾಟವೆಲ್ಲ ಉಗುರು ಮತ್ತು ಒಳಚರ್ಮಕ್ಕೆ ಸೀಮಿತವಾಗಿತ್ತು. ಕ್ಯಾಂಡಿಡಾ ಎಂದಷ್ಟೇ ಹೇಳಿದರೂ ಸಾಲದು, ಎಲ್ಲಿಯ ಕ್ಯಾಂಡಿಡಾ ಎಂದೂ ಹೇಳಬೇಕು. ಕರ್ಮಪದದ ಜೊತೆಗೆ ಸಪ್ತಮೀ ವಿಭಕ್ತಿಯೂ ಬೇಕು ಅಂತಾಯಿತು.

ಯಾವಾಗ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಅದನ್ನು ಕನ್ನಡನಾಡಿನ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2021ರ ಮೇ, ಜೂನ್ ನೆನಪಿದೆಯಲ್ಲ. ಕೊರೊನಾ ಎರಡನೇ ಅಲೆಯ ಬೆನ್ನಿಗೇ ‘ಬ್ಲ್ಯಾಕ್ ಫಂಗಸ್’ ಬಂತು. ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾದವು. ಅದರ ಮದ್ದಾದ ಆಂಫೊಟೆರಿಸಿನ್ ವಯಲುಗಳಿಗಾಗಿ ಜನ ಚೀಟಿ ಹಿಡಿದು ಔಷಧಿ ಅಂಗಡಿಯಿಂದ ಅಂಗಡಿಗೆ ಅಲೆದರು. ನಮ್ಮ ಬೀದಿಯಲ್ಲೇ ಒಬ್ಬರು ಒಂದು ಕಣ್ಣು ಕಳೆದುಕೊಂಡರು. ಅದೇ ಮನೆಯಲ್ಲಿ, ಅದೇ ಗಾಳಿ ಕುಡಿದು, ಅದೇ ಕೊರೊನಾ ಹಾಯ್ದು ಬಂದ ಅವರ ತಮ್ಮನಿಗೆ ಏನೂ ಆಗಲಿಲ್ಲ. ‘ನಮ್ಮಣ್ಣಂಗೆ ಮೊದಲಿಂದ್ಲೂ ತಡ್ಕಳೊ ಶಕ್ತಿ ಕಮ್ಮಿ ಸಾರ್’ ಎಂದರು ತಮ್ಮ. ಅಣ್ಣನಿಗೆ ಹದ್ದುಬಸ್ತಿನಲ್ಲಿಲ್ಲದ ಸಕ್ಕರೆ ಕಾಯಿಲೆಯಿತ್ತು, ಮೇಲೆ ಸ್ಟೀರಾಯ್ಡ್ ಬೇರೆ ಬಿದ್ದಿತ್ತು ಎಂಬುದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಈ ಲೆಕ್ಕವನ್ನು ಇಲಿಗಳು ಹತ್ತು ವರ್ಷ ಮೊದಲೇ ಮಾಡಿಕೊಟ್ಟಿದ್ದವು. ಲಾಸ್ ಏಂಜಲೀಸ್ ಬಳಿಯ ಆ್ಯಶ್ರಫ್ ಇಬ್ರಾಹಿಂ ಅವರ ತಂಡ 2010ರಲ್ಲಿ ಪ್ರಕಟಿಸಿದ್ದು ಹೀಗಿದೆ. ರಕ್ತದಲ್ಲಿ ಸಕ್ಕರೆ ಮತ್ತು ಕಬ್ಬಿಣದ ಅಂಶ ಏರಿದಾಗ ರಕ್ತನಾಳಗಳ ಒಳಪದರದ ಕೋಶಗಳು ಜಿಆರ್‌ಪಿ78 ಎಂಬ ಪ್ರೋಟೀನನ್ನು ತಮ್ಮ ಮೈಮೇಲೆ ಹೆಚ್ಚಾಗಿ ತೋರುತ್ತವೆ. ‘ಬ್ಲ್ಯಾಕ್ ಫಂಗಸ್’ ತರುವ ಮ್ಯೂಕರ್ ಬಳಗದ ಶಿಲೀಂಧ್ರ ಅದನ್ನೇ ಹಿಡಿಕೆ ಮಾಡಿಕೊಂಡು ಒಳನುಗ್ಗುತ್ತದೆ. ಔಷಧ ಕೊಟ್ಟು ಸಕ್ಕರೆ ಕಾಯಿಲೆ ತರಿಸಿ ರಕ್ತ ಆಮ್ಲೀಯವಾದ ಇಲಿಗಳು ಈ ಸೋಂಕಿಗೆ ಸುಲಭವಾಗಿ ಬಲಿಯಾಗುತ್ತವೆ. ಆ ಇಲಿಗಳ ಜೀನುಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಎಲ್ಲರಲ್ಲೂ ಇರುವ, ನಿತ್ಯದ ಕೆಲಸಕ್ಕೆ ಬೇಕಾದ ಜೀನು ಸಕ್ಕರೆಯ ಒತ್ತಡದಲ್ಲಿ ಶತ್ರುವಿಗೆ ಬಾಗಿಲ ಚಿಲಕವಾಗಿಬಿಡುತ್ತದೆ. ಎಂಜಲಿನ ಸ್ಯಾಂಪಲ್ ಕೊಟ್ಟರೆ ‘ನಿಮ್ಮ ಇಮ್ಯೂನಿಟಿ ಜೀನ್’ ವರದಿ ಕೊಡುತ್ತೇವೆ ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಆ ಅಣ್ಣನ ಸಕ್ಕರೆ ಪರೀಕ್ಷೆಯ ಚೀಟಿ ನೆನಪಾಗುತ್ತದೆ. ವರದಿ ಎಷ್ಟೇ ನಿಖರವಾಗಿದ್ದರೂ ಆ ಚೀಟಿ ಅದರಲ್ಲಿರುವುದಿಲ್ಲ.

ಜೀನು ಮುಖ್ಯವಲ್ಲ ಎಂದು ನಾನು ವಾದಿಸುತ್ತಿದ್ದೇನೆ ಎಂದುಕೊಂಡರೆ ತಪ್ಪು. ಇರಾನಿನ ಆ ಮಕ್ಕಳಿಗೆ ಜೀನೇ ಎಲ್ಲವೂ ಆಗಿತ್ತು. ರಕ್ತಸಂಬಂಧದ ಮದುವೆಗಳು ಇನ್ನೂ ನಡೆಯುವ ನಮ್ಮಲ್ಲಿ, ಮಗುವಿಗೆ ಶಿಲೀಂಧ್ರ ಸೋಂಕು ಪದೇಪದೇ ಬಂದು ಔಷಧಿಗೆ ಬಗ್ಗದಿದ್ದರೆ ಕಾರ್ಡ್9ನಂಥ ಜೀನುಗಳ ಪರೀಕ್ಷೆ ಮಾಡಿಸಲೇಬೇಕು. ಆದರೆ ಒಂದೇ ಜೀನು ಎಲ್ಲವನ್ನೂ ನಿರ್ಧರಿಸುವ ಅಂಥ ಮನೆಗಳು ಬೆರಳೆಣಿಕೆಯವು. ಉಳಿದ ನಾವೆಲ್ಲ ಬೆರಕೆ ವಂಶದವರು.

ಕಡೆಯದಾಗಿ ಪಂಜರದ ಮಾತು. ಪ್ರಯೋಗಾಲಯದ ಇಲಿ ಹುಟ್ಟಿನಿಂದ ಸೋಸಿದ ಗಾಳಿ, ಕುದಿಸಿದ ಮೇವು ಕಂಡದ್ದು. ಅದರ ಕರುಳಿನಲ್ಲಿ ಸಹಜವಾಗಿ ಕ್ಯಾಂಡಿಡಾ ಆಲ್ಬಿಕನ್ಸ್ ಇರುವುದೇ ಇಲ್ಲ. ನಮಗೆ ಹಳೆಯ ಬಾಡಿಗೆದಾರನಾದ ಜೀವಿ ಅದಕ್ಕೆ ಸೂಜಿಯಲ್ಲಿ ಬಂದ ಅಪರಿಚಿತ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಆ್ಯಂಡ್ರಿಯಾ ಗ್ರಹಾಂ, ಕೆನ್ ಕ್ಯಾಡ್‌ವೆಲ್ ಮತ್ತು ಸಂಗಡಿಗರು ಒಂದು ಸರಳ ಕೆಲಸ ಮಾಡಿದರು. ಬ್ಲ್ಯಾಕ್ ಸಿಕ್ಸ್ ಇಲಿಗಳನ್ನು ಬೇಲಿ ಹಾಕಿದ ಬಯಲಿಗೆ ಬಿಟ್ಟರು. ಮಣ್ಣು, ಹುಲ್ಲು, ಮಳೆ, ಹುಳಹುಪ್ಪಟೆ. ಕೆಲವು ವಾರಗಳ ನಂತರ ಹಿಡಿದು ತಂದು ನೋಡಿದಾಗ, 2020ರ ಅವರ ವರದಿಯ ಪ್ರಕಾರ, ಅವುಗಳ ಕರುಳಿನಲ್ಲಿ ಶಿಲೀಂಧ್ರಗಳು ತುಂಬಿಕೊಂಡಿದ್ದವು. ರಕ್ತದಲ್ಲಿ ನ್ಯೂಟ್ರೋಫಿಲ್‌ನಂಥ ಕಣಗಳ ಸಂಖ್ಯೆ ಏರಿತ್ತು. ಬಯಲಿನ ಇಲಿಯಿಂದ ತೆಗೆದ ಶಿಲೀಂಧ್ರವನ್ನು ಪಂಜರದ ಇಲಿಯ ಹೊಟ್ಟೆಗೆ ಹಾಕಿದರೆ ಅಲ್ಲೂ ಆ ಕಣಗಳು ಹೆಚ್ಚಾದವು. 57ನೇ ನಂಬರಿನ ಹೆಣ್ಣಿಲಿಯ ಮೊಮ್ಮಕ್ಕಳೇ ಅವೆಲ್ಲ, ಅದೇ ಜೆರಾಕ್ಸ್ ಪ್ರತಿಗಳು. ಆದರೆ ಬಯಲಿನಿಂದ ಬಂದವುಗಳ ಪಾದದ ಸಂದಿಯಲ್ಲಿ ಮಣ್ಣಿತ್ತು.